ಸ್ಕೌಟ್ಸ್–ಗೈಡ್ಸ್ ಟೆಸ್ಟಿಂಗ್: ಮಕ್ಕಳನ್ನು ನ್ಯಾಯವಾಗಿ ಪರೀಕ್ಷೆ ಮಾಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೋಪಾನ (ಮಕ್ಕಳು ಒಂದೊಂದಾಗಿ ಹತ್ತುವ ಹಂತ) ಪರೀಕ್ಷೆಯ ಸೀಸನ್ ಬಂತೆಂದರೆ ಫೋನಿಗೆ ಬಿಡುವೇ ಇರುವುದಿಲ್ಲ. ಹೊಸ ಸ್ಕೌಟ್ ಮಾಸ್ಟರ್‌ಗಳು, ಗೈಡ್ ಕ್ಯಾಪ್ಟನ್‌ಗಳು, ಅಪ್ಪ ಅಮ್ಮಂದಿರು, ಒಮ್ಮೊಮ್ಮೆ ಮಕ್ಕಳೇ, ಎಲ್ಲರೂ ಸುತ್ತಿ ಬಳಸಿ ಕೇಳುವುದು ಅವೇ ವಿಷಯ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ಪದ್ಧತಿ, ಅದರಲ್ಲೂ ಕರ್ನಾಟಕದ ಶಾಲಾ ದಳಗಳಲ್ಲಿ ನಡೆಯುವ ರೀತಿ. ಕಟ್ಟುನಿಟ್ಟಿನ ನಿಯಮ ಬೇಕಾದವರು ಸಂಸ್ಥೆಯ ಎಪಿಆರ್‌ಒ (ಗುರಿ, ನೀತಿ, ನಿಯಮ, ಸಂಘಟನೆ) ಪುಸ್ತಕ ತೆಗೆದು ನೋಡಿ. ಹುಡುಗರ ಸ್ಕೌಟ್ ವಿಭಾಗಕ್ಕೆ ಎರಡನೇ ಭಾಗ, ಹುಡುಗಿಯರ ಗೈಡ್ ವಿಭಾಗಕ್ಕೆ ಮೂರನೇ ಭಾಗ. ಸಿಲಬಸ್ ಆಗಾಗ ಬದಲಾಗುತ್ತದೆ, ಹಳೇ ಜೆರಾಕ್ಸ್ ನಂಬಿಕೊಂಡು ಕೂರಬೇಡಿ. ಅಭಿಪ್ರಾಯಗಳು ಮಾತ್ರ ನನ್ನವು.

ಯಾವ ಹಂತವನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಪ್ರವೇಶ ಮತ್ತು ಪ್ರಥಮ ಸೋಪಾನ ದಳದೊಳಗೇ ಮುಗಿಯುತ್ತವೆ, ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ನೋಡಿಕೊಳ್ಳುತ್ತಾರೆ. ದ್ವಿತೀಯ ಸೋಪಾನ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ, ತೃತೀಯ ಸೋಪಾನ ಜಿಲ್ಲಾ ಮಟ್ಟದಲ್ಲಿ, ರಾಜ್ಯ ಪುರಸ್ಕಾರ ರಾಜ್ಯ ಮಟ್ಟದಲ್ಲಿ. ರಾಷ್ಟ್ರಪತಿ ಪುರಸ್ಕಾರದ ಪರೀಕ್ಷೆ ರಾಷ್ಟ್ರೀಯ ಕೇಂದ್ರ ಕಚೇರಿಯ ಜವಾಬ್ದಾರಿ. ಚಿಕ್ಕ ಮಕ್ಕಳ ವಿಭಾಗದಲ್ಲಿ ಕಬ್‌ಗಳಿಗೆ (ಚಿಕ್ಕ ಹುಡುಗರು) ಚರಣಗಳು, ಬುಲ್‌ಬುಲ್‌ಗಳಿಗೆ (ಚಿಕ್ಕ ಹುಡುಗಿಯರು) ಪಂಖ್‌ಗಳು ಅನ್ನುವ ಹಂತಗಳು.

ಈ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ಕೆಳಗಿನ ಹಂತದಲ್ಲಿ ಪರೀಕ್ಷೆ ಮಾಡುವವರಿಗೆ ಮಗು ಚೆನ್ನಾಗಿ ಗೊತ್ತು, ಹಾಗಾಗಿ ‘ಪಾಪ, ಬಿಡಿ, ಕಲಿತುಕೊಳ್ತಾನೆ’ ಅಂತ ಸಹಿ ಬೀಳುತ್ತದೆ. ಮೇಲಿನ ಹಂತದಲ್ಲಿ ಮಗುವಿನ ಮುಖ ಪರೀಕ್ಷಕರಿಗೆ ಅದೇ ಮೊದಲು, ಹತ್ತು ನಿಮಿಷದಲ್ಲಿ ತೀರ್ಮಾನ ಆಗಬೇಕು. ಪ್ರಥಮ ಸೋಪಾನದಲ್ಲಿ ಬಾರದ ಗಂಟಿಗೆ ಟಿಕ್ ಹಾಕಿಸಿಕೊಂಡ ಹುಡುಗ ಮೂರು ವರ್ಷ ಆದಮೇಲೆ ರಾಜ್ಯ ಮಟ್ಟದ ಕ್ಯಾಂಪಿನಲ್ಲಿ, ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದವರ ಮುಂದೆ ಹಗ್ಗ ಹಿಡಿದು ಒದ್ದಾಡುತ್ತಾನೆ. ಅವತ್ತು ಬೈಸಿಕೊಳ್ಳುವುದು ಅವನು. ಸುಮ್ನೆ ಸಹಿ ಹಾಕಿದವರು ಊರಲ್ಲಿ ಆರಾಮಾಗಿರುತ್ತಾರೆ. ನನ್ನ ಪ್ರಕಾರ ಇಡೀ ಏಣಿಯಲ್ಲಿ ಜಾಸ್ತಿ ಗಟ್ಟಿ ಇರಬೇಕಾದ್ದು ಪ್ರಥಮ ಸೋಪಾನ.

ಎಲ್ಲ ಮಕ್ಕಳಿಗೂ ಒಂದೇ ಅಳತೆನಾ, ಅಥವಾ ಪ್ರಯತ್ನ ನೋಡಬೇಕಾ?

ಜಗಳ ಜಾಸ್ತಿ ಆಗುವುದು ಇಲ್ಲೇ. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಬ್ಯಾಡ್ಜ್ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದರು: ಕೆಲಸ ಇಂಥದ್ದೇ ಗುಣಮಟ್ಟ ಮುಟ್ಟಿತಾ ಅನ್ನುವುದಕ್ಕಿಂತ ಹುಡುಗ ಎಷ್ಟು ಶ್ರಮ ಹಾಕಿದ ಅನ್ನುವುದನ್ನು ನೋಡಿ ಅಂತ. ಈ ಚಳವಳಿ ಹುಟ್ಟಿದ್ದು 1907ರ ಬ್ರೌನ್‌ಸೀ ದ್ವೀಪದ ಕ್ಯಾಂಪಿನಲ್ಲಿ. ಶ್ರೀಮಂತರ ಶಾಲೆಯ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಅಲ್ಲಿ ಬೇಕಂತಲೇ ಒಟ್ಟಿಗೆ ಹಾಕಿದ್ದರು. ಒಬ್ಬನಿಗೆ ಮನೆಯಲ್ಲೇ ಸಿಕ್ಕ ಕಲಿಕೆ ಇನ್ನೊಬ್ಬನಿಗೆ ಸಿಕ್ಕಿರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಆದರೆ ಈ ಮಾತನ್ನೇ ಹಿಡಿದುಕೊಂಡು ಎಲ್ಲದಕ್ಕೂ ‘ಪ್ರಯತ್ನ ಮಾಡಿದಾನಲ್ಲ’ ಅಂದರೆ ಆಗುವುದಿಲ್ಲ. ನಾನು ಸಿಲಬಸ್ಸನ್ನು ಎರಡು ರಾಶಿ ಮಾಡಿಕೊಳ್ಳುತ್ತೇನೆ. ಜೀವಕ್ಕೆ ಸಂಬಂಧಪಟ್ಟದ್ದು ಒಂದು ರಾಶಿ: ರಕ್ತ ನಿಲ್ಲಿಸುವುದು, ಮೂಳೆ ಮುರಿದಾಗ ಕಟ್ಟುವುದು, ರಕ್ಷಣೆಗೆ ಬಳಸುವ ಗಂಟು, ಬೆಂಕಿ ಪೂರ್ತಿ ಆರಿಸುವುದು, ಕೊಡಲಿ–ಚಾಕು ಹಿಡಿಯುವ ರೀತಿ. ಇಲ್ಲಿ ರಿಯಾಯಿತಿ ಇಲ್ಲ, ಎಷ್ಟೇ ಶ್ರಮಪಟ್ಟಿದ್ದರೂ ಸರಿಯಾಗಿ ಬರುವ ತನಕ ಪಾಸಿಲ್ಲ. ಎರಡನೇ ರಾಶಿಯಲ್ಲಿ ಹಾಡು, ಕರಕುಶಲ ಕೆಲಸ, ಲಾಗ್ ಬುಕ್ (ಮಾಡಿದ ಚಟುವಟಿಕೆಗಳನ್ನು ಬರೆದಿಡುವ ಪುಸ್ತಕ), ಕ್ಯಾಂಪ್ ಫೈರ್, ಅಡುಗೆಯ ರುಚಿ ಇತ್ಯಾದಿ. ಇಲ್ಲಿ ಮಗು ಎಲ್ಲಿಂದ ಹೊರಟಿತ್ತು, ಎಲ್ಲಿಗೆ ಬಂತು ಅಂತ ನೋಡಿದರೆ ಸಾಕು. ಆರು ತಿಂಗಳ ಹಿಂದೆ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಕ್ಯಾಂಪ್ ಫೈರ್‌ನಲ್ಲಿ ಎರಡು ಸಾಲು ಹಾಡಿದರೆ ಅದು ಪಾಸು. ಶ್ರುತಿ ತಪ್ಪಿದರೂ ಪಾಸು.

ಗಂಟುಗಳ ಪರೀಕ್ಷೆ ಸರಿಯಾಗಿ ಮಾಡುವುದು ಹೇಗೆ?

ನಾನು ನೋಡಿರುವ ಸಾಮಾನ್ಯ ದೃಶ್ಯ ಇದು. ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಪರೀಕ್ಷಕರು ‘ಬೌಲೈನ್’ ಅನ್ನುತ್ತಾರೆ, ಮಗು ಕಟ್ಟುತ್ತದೆ. ‘ಉಪಯೋಗ?’ ಅನ್ನುತ್ತಾರೆ, ಮಗು ಬಾಯಿಪಾಠ ಒಪ್ಪಿಸುತ್ತದೆ. ಟಿಕ್, ಮುಂದಿನವನು ಬಾ. ಇದರಲ್ಲಿ ತಿಳಿದದ್ದು ಮಗುವಿಗೆ ನೆನಪಿನ ಶಕ್ತಿ ಚೆನ್ನಾಗಿದೆ ಅಂತ, ಅಷ್ಟೇ.

ಹೆಸರು ಹೇಳುವ ಬದಲು ಸಂದರ್ಭ ಕೊಟ್ಟು ನೋಡಿ. ಒಂದು ದಪ್ಪ ಹಗ್ಗ, ಒಂದು ತೆಳ್ಳನೆಯ ಹಗ್ಗ ಕೈಗೆ ಕೊಟ್ಟು ‘ಇವೆರಡನ್ನೂ ಸೇರಿಸಿ, ನಾನು ಎಳೀತೀನಿ’ ಅನ್ನಿ. ಶೀಟ್ ಬೆಂಡ್ ಗೊತ್ತಿರುವ ಮಗು ತಾನಾಗಿಯೇ ದಪ್ಪ ಹಗ್ಗವನ್ನು ಮಡಚಿ ಹಿಡಿಯುತ್ತದೆ. ಗೊತ್ತಿಲ್ಲದ ಮಗು ರೀಫ್ ನಾಟ್ ಹಾಕುತ್ತದೆ, ಎಳೆದರೆ ಜಾರುತ್ತದೆ. ಜಾರಿದ್ದು ಮಗುವಿಗೇ ಕಾಣುತ್ತದೆ, ನೀವು ಬಾಯಿ ಬಿಡುವುದೂ ಬೇಡ. ‘ಕೆಳಗೆ ಬಿದ್ದವನನ್ನು ಮೇಲೆತ್ತಬೇಕು, ಸೊಂಟಕ್ಕೆ ಹಗ್ಗ ಕಟ್ಟು, ಆದರೆ ಎಳೆದಾಗ ಬಿಗಿಯಬಾರದು’ ಅನ್ನಿ. ಬೌಲೈನ್ ಕಟ್ಟಿದ ಮೇಲೆ ಕುಣಿಕೆ ಹಿಡಿದು ಜಗ್ಗಿ ನೋಡಿ. ಕುಣಿಕೆ ಹಾಗೇ ನಿಂತರೆ ಸರಿ, ಬಿಗಿಯುತ್ತಾ ಬಂದರೆ ಇನ್ನೊಂದು ವಾರ ಅಭ್ಯಾಸ ಬೇಕು.

ರೀಫ್ ನಾಟ್ ಹೋಗಿ ಗ್ರ್ಯಾನಿ ಆಗುವುದು ಮಾಮೂಲಿ ತಪ್ಪು. ಗುರುತು ಸುಲಭ: ರೀಫ್ ನಾಟ್‌ನಲ್ಲಿ ಗಿಡ್ಡ ತುದಿಗಳು ಉದ್ದನೆಯ ಹಗ್ಗದ ಪಕ್ಕದಲ್ಲೇ ಮಲಗಿರುತ್ತವೆ, ಗ್ರ್ಯಾನಿಯಲ್ಲಿ ಅಡ್ಡಕ್ಕೆ ಎದ್ದು ನಿಲ್ಲುತ್ತವೆ. ಮಗುವಿಗೆ ಇದು ಕಣ್ಣಿಗೆ ಬಿದ್ದು ತಾನೇ ಬಿಚ್ಚಿ ಮತ್ತೆ ಕಟ್ಟಿದರೆ ನನಗೆ ಅದು ಮೊದಲ ಸಲವೇ ಸರಿ ಕಟ್ಟಿದ್ದಕ್ಕಿಂತ ಒಂದು ಕೈ ಮೇಲು.

ಹಗ್ಗದ ಬಗ್ಗೆಯೂ ಗಮನ ಇರಲಿ. ಹೊಸ ನೈಲಾನ್ ಹಗ್ಗ ಜಾರುತ್ತದೆ, ಹತ್ತಿಯ ಹಗ್ಗ ಕಚ್ಚಿಕೊಳ್ಳುತ್ತದೆ. ಬೆಳಗ್ಗೆ ಬಂದ ಮಗುವಿಗೆ ಹತ್ತಿಯದು, ಮಧ್ಯಾಹ್ನ ಬಂದ ಮಗುವಿಗೆ ಅಂಗಡಿಯಿಂದ ಆಗ ತಂದ ನೈಲಾನ್ ಕೊಟ್ಟರೆ ಅದು ಒಂದೇ ಪರೀಕ್ಷೆ ಹೇಗಾಗುತ್ತದೆ? ಮಗು ದಿನಾ ಅಭ್ಯಾಸ ಮಾಡಿದ ತನ್ನದೇ ಹಗ್ಗ ತಂದಿದ್ದರೆ ಬಳಸಲಿ ಬಿಡಿ. ಇನ್ನು ಎಡಗೈ ಮಕ್ಕಳು. ಅವರು ಕಟ್ಟಿದ ಗಂಟು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಗಂಟು ಸರಿಯಾಗಿಯೇ ಇರುತ್ತದೆ, ಕೈ ಬದಲಿಸು ಅಂತ ಹೇಳುವ ಅಗತ್ಯವೇ ಇಲ್ಲ.

ಹಳ್ಳಿ ಮಕ್ಕಳಿಗೆ ಗಂಟಿನ ಹೆಸರೇ ಗೊತ್ತಿರುವುದಿಲ್ಲ. ಮಾರ್ಕು ಕತ್ತರಿಸಬೇಕಾ?

ಬೇಡ. ದನ ಕಟ್ಟಿ, ಗಾಡಿಗೆ ಹುಲ್ಲಿನ ಹೊರೆ ಬಿಗಿದು ಬೆಳೆದ ಹುಡುಗನ ಕೈ ನೋಡಿದ್ದೀರಾ? ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಹಾಕಿ ಕ್ಷಣದಲ್ಲಿ ಬಿಗಿಯುತ್ತಾನೆ. ನೀವು ‘ಕ್ಲೋವ್ ಹಿಚ್ ಕಟ್ಟು’ ಅಂದರೆ ತಬ್ಬಿಬ್ಬಾಗುತ್ತಾನೆ, ‘ಕಂಬಕ್ಕೆ ಬಿಗಿ’ ಅಂದರೆ ನಿಮಗಿಂತ ಬೇಗ ಬಿಗಿಯುತ್ತಾನೆ. ಹೆಸರು ಆಮೇಲೆ ಹೇಳಿಕೊಡಿ, ಅದಕ್ಕೆ ಎರಡು ನಿಮಿಷ ಸಾಕು.

ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಪರೀಕ್ಷಕರು ಇಂಗ್ಲಿಷ್, ಹಿಂದಿಯಲ್ಲಿ ಕೇಳಿದರೆ?

ಜಿಲ್ಲೆ, ರಾಜ್ಯ ಮಟ್ಟದಲ್ಲಿ ಕನ್ನಡದಲ್ಲೇ ಕೇಳಿ ಅಂತ ಧೈರ್ಯವಾಗಿ ಹೇಳಲು ಮಕ್ಕಳಿಗೆ ಕಲಿಸಿ. ‘ಸಾರ್, ಕನ್ನಡದಲ್ಲಿ ಹೇಳ್ಲಾ?’ ಅಂತ ಕೇಳಿದ್ದಕ್ಕೆ ಯಾರೂ ಮಾರ್ಕು ಕಡಿಮೆ ಮಾಡುವ ಹಾಗಿಲ್ಲ. ನಾವು ಪರೀಕ್ಷೆ ಮಾಡುತ್ತಿರುವುದು ದಿಕ್ಸೂಚಿ ಓದುವ ಶಕ್ತಿಯನ್ನು, ಭಾಷೆಯನ್ನಲ್ಲ ಅಲ್ವಾ? ಹದಿನಾರು ದಿಕ್ಕುಗಳನ್ನು ಮಗು ಈಶಾನ್ಯ, ಆಗ್ನೇಯ ಅಂತ ಹೇಳಿ ಸರಿಯಾದ ಕಡೆ ಕೈ ತೋರಿಸಿದರೆ ಮುಗಿಯಿತು. ರಾಷ್ಟ್ರಪತಿ ಪುರಸ್ಕಾರದ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಮಾತ್ರ ಹಿಂದಿ, ಇಂಗ್ಲಿಷ್ ಪದಗಳು ಕಿವಿಗೆ ಬಿದ್ದಿರಲಿ. ಆಜ್ಞೆಗಳು, ಉಪಕರಣದ ಹೆಸರುಗಳು, ಹತ್ತಾರು ಸಾಮಾನ್ಯ ಪ್ರಶ್ನೆಗಳು ಗೊತ್ತಿದ್ದರೆ ಗಾಬರಿ ಅರ್ಧ ಕಡಿಮೆ ಆಗುತ್ತದೆ.

ಇನ್ನೊಂದು. ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡುವ ಮಗುವಿಗೆ ನಮಗೆ ಗೊತ್ತಿಲ್ಲದ ಹಾಗೇ ಎರಡು ಮಾರ್ಕು ಜಾಸ್ತಿ ಹೋಗಿರುತ್ತದೆ. ಪರೀಕ್ಷಕರು ಒಮ್ಮೆ ತಮ್ಮ ಮಾರ್ಕ್ ಶೀಟ್ ತಿರುವಿ ಹಾಕಿ ನೋಡಿಕೊಳ್ಳಲಿ.

ಪ್ರಥಮ ಚಿಕಿತ್ಸೆಯಲ್ಲಿ ಏನು ನೋಡಬೇಕು?

ಬ್ಯಾಂಡೇಜ್ ಅಂದವಾಗಿ ಕೂತಿದೆಯಾ ಅನ್ನುವುದು ಕೊನೆಯ ಮಾತು. ಮೊದಲು ನೋಡಬೇಕಾದ್ದು ಮಗು ಯಾವುದನ್ನು ಮೊದಲು ಮಾಡುತ್ತದೆ ಅಂತ. ಗೆಳೆಯನನ್ನು ಮಲಗಿಸಿ, ಮೊಣಕೈ ಕೆಳಗೆ ಕೆಂಪು ಬಣ್ಣ ಬಳಿದು, ‘ರಕ್ತ ಹೋಗ್ತಾ ಇದೆ’ ಅನ್ನಿ. ಕೆಲವು ಮಕ್ಕಳು ತ್ರಿಕೋನ ಬ್ಯಾಂಡೇಜನ್ನು ಹುಷಾರಾಗಿ ಮಡಚುತ್ತಾ ಕೂರುತ್ತಾರೆ, ಆ ಕಡೆ ‘ರಕ್ತ’ ಹರಿಯುತ್ತಲೇ ಇರುತ್ತದೆ. ಸರಿಯಾಗಿ ಕಲಿತ ಮಗು ಸಿಕ್ಕ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಮೊದಲು ಗಟ್ಟಿಯಾಗಿ ಒತ್ತುತ್ತದೆ, ಪಕ್ಕದವನಿಗೆ ‘108ಕ್ಕೆ ಫೋನ್ ಮಾಡು, ಜಾಗ ಹೇಳು’ ಅನ್ನುತ್ತದೆ. ಕಟ್ಟು ಆಮೇಲೆ.

ಇಲ್ಲಿ ಪರೀಕ್ಷಕರ ತಿಳಿವಳಿಕೆಯೂ ಇವತ್ತಿನದಾಗಿರಬೇಕು. ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟು, ಗಾಯ ಕೊಯ್ದು ರಕ್ತ ಹರಿಸು ಅಂತ ಹಳೆಯ ಪುಸ್ತಕಗಳಲ್ಲಿ ಇದ್ದದ್ದನ್ನು ಇನ್ನೂ ‘ಸರಿ ಉತ್ತರ’ ಅಂತ ಇಟ್ಟುಕೊಂಡವರಿದ್ದಾರೆ. ಈಗಿನ ವೈದ್ಯಕೀಯ ಸಲಹೆ ಅದಕ್ಕೆ ಪೂರ್ತಿ ವಿರುದ್ಧ: ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಆ ಅಂಗ ಅಲುಗದ ಹಾಗೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಸೇರಿಸಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು ಹಾಕಿ. ಟೂತ್‌ಪೇಸ್ಟ್, ಇಂಕು, ತುಪ್ಪ ಯಾವುದೂ ಬೇಡ. ಸರಿಯಾಗಿ ಹೇಳಿದ ಮಗುವಿಗೆ ಹಳೆಯ ನೋಟ್ಸ್ ನೋಡಿ ತಪ್ಪು ಹಾಕಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ, ಆ ಮಗು ನಾಳೆ ಗದ್ದೆಯಲ್ಲಿ ನಿಮ್ಮ ಮಾತನ್ನೇ ಪಾಲಿಸಿದರೆ ಏನು ಗತಿ?

ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವ ಚಿಕಿತ್ಸೆ) ಪರೀಕ್ಷೆಯನ್ನು ಜೀವಂತ ಮಗುವಿನ ಎದೆಯ ಮೇಲೆ ಮಾಡಿಸಲೇಬೇಡಿ. ದೊಡ್ಡವರಿಗೆ ಎದೆ ಸುಮಾರು 5 ಸೆಂಟಿಮೀಟರ್ ಕೆಳಗೆ ಹೋಗುವಷ್ಟು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಅಷ್ಟು ಜೋರಾಗಿ ಗೆಳೆಯನ ಎದೆ ಒತ್ತಿದರೆ ಪೆಟ್ಟಾಗುತ್ತದೆ. ಡಮ್ಮಿ ಇಲ್ಲದ ಕಡೆ ಗಟ್ಟಿ ದಿಂಬು ಸಾಕು. ಕೈ ಇಡುವ ಜಾಗ, ಮೊಣಕೈ ನೇರ ಇದೆಯಾ, ಎಣಿಕೆಯ ವೇಗ, ಇಷ್ಟನ್ನು ನೋಡಬಹುದು.

ಲಾಗ್ ಬುಕ್‌ಗೆ ಎಷ್ಟು ಬೆಲೆ ಕೊಡಬೇಕು?

ಈಗ ಕೊಡುತ್ತಿರುವುದಕ್ಕಿಂತ ತುಂಬಾ ಕಡಿಮೆ.

ಮಿಂಚುವ ಕಾಗದ, ಬಣ್ಣದ ಪ್ರಿಂಟು, ಸ್ಪೈರಲ್ ಬೈಂಡಿಂಗ್, ಒಳಗೆ ಅಕ್ಕನ ಅಕ್ಷರ. ಟೇಬಲ್ ಮೇಲೆ ಇಂಥವು ಸಾಲಾಗಿ ಬಂದು ಕೂರುತ್ತವೆ. ಪಕ್ಕದಲ್ಲಿ ಇನ್ನೊಂದು, ಎಕ್ಸರ್ಸೈಜ್ ಪುಸ್ತಕಕ್ಕೆ ಹಳೆ ಕ್ಯಾಲೆಂಡರ್ ರಟ್ಟು ಹಾಕಿದ್ದು, ಹೈಕ್ ದಾರಿಯ ನಕ್ಷೆಯನ್ನು ಪೆನ್ಸಿಲಲ್ಲಿ ಬರೆದದ್ದು, ಒಂದು ಪುಟದಲ್ಲಿ ಸಾರಿನ ಕಲೆ. ನಾನು ಎರಡನೆಯದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ, ಯಾಕೆಂದರೆ ಆ ಕಲೆ ಅಡುಗೆ ಮಾಡುವಾಗ ಪುಸ್ತಕ ಅಲ್ಲೇ ಇತ್ತು ಅಂತ ಹೇಳುತ್ತದೆ. ಚಂದದ ಪುಸ್ತಕ ತಂದವರೆಲ್ಲ ಮೋಸ ಮಾಡಿದ್ದಾರೆ ಅಂತ ಹೇಳುತ್ತಿಲ್ಲ, ಚೆನ್ನಾಗಿ ಚಿತ್ರ ಬರೆಯುವ ಮಕ್ಕಳೂ ಇದ್ದಾರೆ. ಸುಲಭದ ಉಪಾಯ: ಪುಸ್ತಕ ಮುಚ್ಚಿಡಿ, ಒಂದು ಪುಟದ ಬಗ್ಗೆ ಕೇಳಿ. ‘ಈ ಹೈಕಲ್ಲಿ ದಾರಿ ತಪ್ಪಿದ್ರಾ? ಎಲ್ಲಿ? ನೀರು ಎಲ್ಲಿ ತುಂಬಿಸಿಕೊಂಡ್ರಿ?’ ನಡೆದವರಿಗೆ ಕಥೆ ಇರುತ್ತದೆ, ನಡೆಯದವರು ನಿಮ್ಮ ಮುಖ ನೋಡುತ್ತಾರೆ. ಅಂಗಡಿಯಲ್ಲಿ ಮಾಡಿಸಿ ತಂದ ಪುಸ್ತಕಕ್ಕೆ ಸೊನ್ನೆ ಕೊಡಿ, ಆದರೆ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯಬೇಡಿ. ಆ ಪುಸ್ತಕ ಮಾಡಿಸಿದ್ದು ಹೆಚ್ಚಾಗಿ ಮನೆಯವರು ಅಥವಾ ಮೇಷ್ಟ್ರೇ ಆಗಿರುತ್ತಾರೆ.

ಪೆಟ್ರೋಲ್ ಒಟ್ಟಾಗಿ ಕೆಲಸ ಮಾಡುತ್ತದೆ. ಒಬ್ಬೊಬ್ಬರನ್ನು ಹೇಗೆ ಬೇರೆ ಮಾಡಿ ನೋಡುವುದು?

ಪೆಟ್ರೋಲ್ ಅಂದರೆ ದಳದೊಳಗಿನ ಆರರಿಂದ ಎಂಟು ಮಕ್ಕಳ ಪುಟ್ಟ ಗುಂಪು. ಒಬ್ಬ ಚುರುಕಿನ ಲೀಡರ್ ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತಾನೆ, ಇಬ್ಬರು ಹಿಂದೆ ಪಾತ್ರೆ ತೊಳೆಯುತ್ತಾ ಇರುತ್ತಾರೆ. ಗ್ಯಾಜೆಟ್ (ಕ್ಯಾಂಪಿಗೆ ಕೋಲು, ಹಗ್ಗದಲ್ಲಿ ಕಟ್ಟುವ ಸಾಧನ) ಚೆನ್ನಾಗಿ ಬಂದರೆ ಎಂಟೂ ಜನಕ್ಕೆ ಒಂದೇ ಮಾರ್ಕು, ಬಿದ್ದುಹೋದರೆ ಎಂಟೂ ಜನಕ್ಕೆ ಕಡಿಮೆ. ಎರಡೂ ಸರಿ ಇಲ್ಲ.

ನಾನು ಮಾಡುವುದು ಹೀಗೆ. ಕೆಲಸ ಶುರುವಾಗುವ ಮೊದಲೇ ಯಾರಿಗೆ ಯಾವ ಕೆಲಸ ಅಂತ ಲೀಡರ್ ಕೈಯಲ್ಲಿ ಬರೆಸಿ ಒಂದು ಚೀಟಿ ತೆಗೆದುಕೊಳ್ಳುತ್ತೇನೆ. ಮಧ್ಯದಲ್ಲಿ ಒಂದು ಸಲ ಕೆಲಸ ಬದಲಿಸುತ್ತೇನೆ: ‘ಈಗ ನೀನು ಸೌದೆಗೆ ಹೋಗು, ಅವಳು ಒಲೆ ಹತ್ರ ಬರಲಿ’. ಗುಂಪಿನ ಮಾರ್ಕು ಬೇರೆ, ಒಬ್ಬೊಬ್ಬರ ಮಾರ್ಕು ಬೇರೆ ಕಾಲಂನಲ್ಲಿ ಹಾಕುತ್ತೇನೆ. ಸುಮ್ಮನಿರುವ ಮಗುವಿನ ಹತ್ತಿರ ಹೋಗಿ ಕುಳಿತು ‘ಇದನ್ನ ಯಾಕೆ ಹೀಗೆ ಕಟ್ಟಿದ್ದೀರಾ?’ ಅಂತ ಕೇಳುತ್ತೇನೆ. ಎಷ್ಟೋ ಸಲ ಯೋಜನೆಯೆಲ್ಲ ಆ ಮಗುವಿನದೇ ಆಗಿರುತ್ತದೆ, ಕೂಗಾಡುವುದು ಮಾತ್ರ ಲೀಡರ್. ಇನ್ನು ಪೆಟ್ರೋಲ್ ಲೀಡರ್‌ನನ್ನು ನೋಡುವಾಗ ಅವನು ತಾನು ಎಷ್ಟು ಕೆಲಸ ಮಾಡಿದ ಅನ್ನುವುದಕ್ಕಿಂತ ಬೇರೆಯವರಿಗೆ ಎಷ್ಟು ಬಿಟ್ಟುಕೊಟ್ಟ ಅನ್ನುವುದನ್ನು ನೋಡಿ.

ಜೂನ್–ಜುಲೈಯಲ್ಲಿ ಮಲೆನಾಡಿನಲ್ಲಿ ಬೆಂಕಿ ಹೊತ್ತಿಸುವ ಪರೀಕ್ಷೆ ಇಟ್ಟರೆ?

ಇಡಬೇಡಿ. ಇಡಲೇಬೇಕಾದರೆ ಒಣ ಸೌದೆ ನೀವೇ ಒದಗಿಸಿ, ಮೇಲೆ ಟಾರ್ಪಾಲು ಕಟ್ಟಿಸಿ. ಆಗುಂಬೆ ಕಡೆಯ ಮಗು ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಫೇಲ್ ಆಗುವುದು, ರಾಯಚೂರಿನ ಮಗು ಒಂದೇ ಕಡ್ಡಿಗೆ ಪಾಸಾಗುವುದು, ಇದರಲ್ಲಿ ಕೌಶಲಕ್ಕಿಂತ ಹವಾಮಾನದ ಪಾತ್ರವೇ ಜಾಸ್ತಿ. ಈಜು ಬ್ಯಾಡ್ಜ್ ಕೂಡ ಹಾಗೇ. ಉಡುಪಿಯ ಕಡಲ ಮಕ್ಕಳಿಗೂ, ನೀರೇ ಕಾಣದ ಬಡಾವಣೆಯ ಮಕ್ಕಳಿಗೂ ಅವಕಾಶ ಒಂದೇ ಅಲ್ಲ. ಆದರೆ ಈಜಿನಲ್ಲಿ ಅಳತೆ ಸಡಿಲಿಸುವ ಹಾಗಿಲ್ಲ, ಮೊದಲೇ ಹೇಳಿದ ಜೀವದ ರಾಶಿ ಅದು. ಬೇರೆ ಬ್ಯಾಡ್ಜ್ ಆರಿಸಿಕೊಳ್ಳಲು ಮಗುವಿಗೆ ದಾರಿ ತೋರಿಸಿ.

ಎತ್ತರ, ಅಗಲ ಅಂದಾಜು ಮಾಡುವ ಪರೀಕ್ಷೆಯಲ್ಲಿ ಎಷ್ಟು ವ್ಯತ್ಯಾಸ ಬಿಡಬಹುದು?

ಎಷ್ಟು ಬಿಡುತ್ತೀರಿ ಅನ್ನುವುದನ್ನು ಪರೀಕ್ಷೆಗೆ ಮೊದಲೇ ತೀರ್ಮಾನಿಸಿ, ಮಕ್ಕಳಿಗೂ ಹೇಳಿ. ಮರದ ನಿಜವಾದ ಎತ್ತರ ನೀವು ಮೊದಲೇ ಅಳೆದಿಟ್ಟಿರಬೇಕು. ಇದನ್ನು ಹೇಳಬೇಕಾಗಿ ಬಂದದ್ದೇ ಬೇಸರ, ಪರೀಕ್ಷಕರೂ ಅಂದಾಜಿನಲ್ಲೇ ಮಾರ್ಕು ಹಾಕಿದ್ದನ್ನು ನೋಡಿದ್ದೇನೆ. ವಿಧಾನ ಸರಿ ಇದ್ದು ಗುಣಾಕಾರ ತಪ್ಪಿದ್ದರೆ ಲೆಕ್ಕ ಮತ್ತೆ ಮಾಡಲು ಬಿಡಿ.

ವಿಶೇಷ ಅಗತ್ಯ ಇರುವ ಮಕ್ಕಳಿಗೆ ಏನು ಮಾಡಬೇಕು? ವಿನಾಯಿತಿ ಕೊಟ್ಟು ಪಾಸ್ ಮಾಡಿಬಿಡಬಹುದಾ?

ಸುಮ್ನೆ ಪಾಸ್ ಮಾಡಿಬಿಟ್ಟರೆ ಅದು ಅವಮಾನ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆ ಅಂಶ ಯಾವ ಉದ್ದೇಶಕ್ಕೆ ಸಿಲಬಸ್ಸಿನಲ್ಲಿದೆ ಅಂತ ಮೊದಲು ಯೋಚಿಸಿ, ಉದ್ದೇಶ ಹಾಗೇ ಇಟ್ಟು ದಾರಿ ಬದಲಿಸಿ. ಸೀಟಿಯ ಸಂಕೇತ ಇರುವುದು ದೂರದಿಂದ ಆಜ್ಞೆ ತಿಳಿದು ಅದರಂತೆ ನಡೆಯುವುದಕ್ಕೆ. ಕಿವಿ ಕೇಳದ ಮಗುವಿಗೆ ಕೈ ಸಂಕೇತದಲ್ಲಿ ಅದನ್ನೇ ನೋಡಬಹುದು. ಕಣ್ಣು ಕಾಣದ ಮಕ್ಕಳು ಗಂಟುಗಳನ್ನು ಮುಟ್ಟಿಯೇ ಕಲಿಯುತ್ತಾರೆ. ಹಾಗೆ ಕಲಿತವರಿಗೆ ಕತ್ತಲೂ ಒಂದೇ, ಬೆಳಕೂ ಒಂದೇ. ಗಾಲಿಕುರ್ಚಿಯ ಮಗುವಿಗೆ ಹೈಕ್ ದಾರಿ ಬೇರೆ ಇರಲಿ, ಆದರೆ ನಕ್ಷೆ ಓದುವುದು, ದಾರಿ ನಿರ್ಧರಿಸುವುದು, ಊಟ ನೀರಿನ ಲೆಕ್ಕ ಎಲ್ಲವನ್ನೂ ಆ ಮಗುವೇ ಮಾಡಲಿ.

ಬರೆಯಲು ಓದಲು ಕಷ್ಟಪಡುವ ಮಕ್ಕಳನ್ನು ನಾವು ಇಲ್ಲಿ ಮರೆತೇಬಿಡುತ್ತೇವೆ. ತರಗತಿಯಲ್ಲಿ ಹಿಂದೆ ಬಿದ್ದು, ಇಲ್ಲಾದರೂ ಉಸಿರಾಡೋಣ ಅಂತ ಸ್ಕೌಟಿಂಗ್‌ಗೆ ಬಂದಿರುತ್ತಾರೆ. ಅವರ ಕೈಗೆ ಮತ್ತೆ ಪ್ರಶ್ನೆಪತ್ರಿಕೆ ಕೊಡಬೇಡಿ, ಬಾಯಲ್ಲಿ ಕೇಳಿ. ಬದಲಿ ಪರೀಕ್ಷೆ ಕೊಟ್ಟಿದ್ದರೆ ಏನು, ಯಾಕೆ ಅಂತ ಶೀಟಿನಲ್ಲಿ ಬರೆದು, ಮೇಲಿನ ಹಂತಕ್ಕೆ ಕಳಿಸುವಾಗ ಜಿಲ್ಲಾ ಸಂಸ್ಥೆಗೆ ಮೊದಲೇ ತಿಳಿಸಿ.

ಸ್ಕೌಟ್ ನಿಯಮ, ಪ್ರತಿಜ್ಞೆಯನ್ನು ಹೇಗೆ ಪರೀಕ್ಷಿಸುವುದು? ಪ್ರಾಮಾಣಿಕತೆಗೆ ಮಾರ್ಕು ಹಾಕಲಾಗುತ್ತದಾ?

ಒಂಬತ್ತು ನಿಯಮಗಳನ್ನು ಬಾಯಿಪಾಠ ಒಪ್ಪಿಸಿದರೆ ನೆನಪಿನ ಪರೀಕ್ಷೆ ಆಯಿತು. ‘ಸ್ಕೌಟ್ ನಂಬಿಕೆಗೆ ಅರ್ಹ’ ಅಂತ ಹೇಳುವ ಮಗು ನಂಬಿಕೆಗೆ ಅರ್ಹವಾ ಅನ್ನುವುದು ಟೇಬಲ್ ಮುಂದೆ ಗೊತ್ತಾಗುವ ವಿಷಯ ಅಲ್ಲ. ವರ್ಷಪೂರ್ತಿ ಜೊತೆಗಿದ್ದ ಸ್ಕೌಟ್ ಮಾಸ್ಟರ್‌ಗೆ ಗೊತ್ತು, ಪೆಟ್ರೋಲ್‌ನ ಗೆಳೆಯರಿಗೆ ಇನ್ನೂ ಚೆನ್ನಾಗಿ ಗೊತ್ತು. ಅದಕ್ಕೇ ಕೋರ್ಟ್ ಆಫ್ ಆನರ್ ಅಂತ ಇರುವುದು. ಮಕ್ಕಳ ಲೀಡರ್‌ಗಳೇ ಕೂತು ಮಾತಾಡುವ ಆ ಸಭೆಯನ್ನು ಎಷ್ಟೋ ದಳಗಳು ಕಾಗದದಲ್ಲಿ ಮಾತ್ರ ನಡೆಸುತ್ತವೆ, ಅದು ಬೇರೆ ಸಂಕಟ. ಹೊರಗಿನ ಪರೀಕ್ಷಕರು ಗುಣಕ್ಕೆ ಮಾರ್ಕು ಹಾಕಲು ಹೋಗದೆ, ‘ಈ ತಿಂಗಳು ಯಾವ ನಿಯಮ ಪಾಲಿಸೋದು ಕಷ್ಟ ಆಯ್ತು?’ ಅಂತ ಕೇಳಿ ಸುಮ್ಮನೆ ಕೇಳಿಸಿಕೊಳ್ಳಲಿ.

ದಿನಕ್ಕೊಂದು ಒಳ್ಳೆಯ ಕೆಲಸದ ಡೈರಿ ನೋಡುವಾಗಲೂ ಅಷ್ಟೇ. ತಿಂಗಳಿಡೀ ‘ಅಜ್ಜಿಗೆ ರಸ್ತೆ ದಾಟಿಸಿದೆ’ ಅಂತಿದ್ದರೆ ಅದು ಹಿಂದಿನ ರಾತ್ರಿ ಕೂತು ಬರೆದದ್ದು. ನಕ್ಕು ಬಿಟ್ಟುಬಿಡಿ, ಮುಂದಿನ ತಿಂಗಳಿಂದ ನಿಜ ಬರೆಯಲು ಹೇಳಿ, ಖಾಲಿ ದಿನಗಳು ಇದ್ದರೂ ಪರವಾಗಿಲ್ಲ ಅನ್ನಿ.

ದೇವರನ್ನು ನಂಬದ ಮನೆಯ ಮಗು ಪ್ರತಿಜ್ಞೆಯಲ್ಲಿ ಏನು ಹೇಳಬೇಕು?

ಪ್ರತಿಜ್ಞೆಯಲ್ಲಿ ‘ದೇವರು’ ಅನ್ನುವ ಕಡೆ ಬೇಕಾದರೆ ‘ಧರ್ಮ’ ಅಂತ ಹೇಳಲು ನಿಯಮವೇ ಅವಕಾಶ ಕೊಟ್ಟಿದೆ. ಇದನ್ನು ಹಿಡಿದು ಮಾರ್ಕು ಕಡಿಮೆ ಮಾಡುವ ಅಧಿಕಾರ ಯಾವ ಪರೀಕ್ಷಕರಿಗೂ ಇಲ್ಲ. ಸರ್ವಧರ್ಮ ಪ್ರಾರ್ಥನೆಯಲ್ಲಿ ಶಿಸ್ತಾಗಿ ಕೂತಿದ್ದರೆ ಸಾಕು.

ಗೈಡ್‌ಗಳಿಗೆ ಪಯೋನಿಯರಿಂಗ್ (ಬಿದಿರು, ಹಗ್ಗದಿಂದ ಕಟ್ಟುವ ಕೆಲಸ) ಸ್ವಲ್ಪ ಸುಲಭ ಮಾಡಬಹುದಾ?

ಯಾಕೆ? ಬಿದಿರು ಹೊರುವವರು, ಲ್ಯಾಶಿಂಗ್ ಬಿಗಿಯುವವರು ಗೈಡ್‌ಗಳಲ್ಲಿ ಬೇಕಾದಷ್ಟಿದ್ದಾರೆ. ಹಾಗೇ ಸ್ಕೌಟ್‌ಗಳಿಗೆ ಅಡುಗೆಯಲ್ಲಿ ‘ಹುಡುಗರಲ್ವಾ, ಇಷ್ಟಾದರೂ ಮಾಡಿದರಲ್ಲ’ ಅಂತ ಮಾರ್ಕು ಉದುರಿಸುವುದೂ ಬೇಡ. ಅರೆಬೆಂದ ಅನ್ನ ಯಾರು ಮಾಡಿದರೂ ಅರೆಬೆಂದದ್ದೇ.

ಯೂನಿಫಾರ್ಮ್ ಹಳೆಯದಾಗಿದ್ದರೆ ಮಾರ್ಕು ಹೋಗುತ್ತದಾ?

ಸ್ವಚ್ಛವಾಗಿದೆಯಾ, ಸ್ಕಾರ್ಫ್ ಮತ್ತು ಬ್ಯಾಡ್ಜುಗಳು ಸರಿಯಾದ ಜಾಗದಲ್ಲಿವೆಯಾ, ಅಷ್ಟನ್ನೇ ನೋಡಿ. ಅಣ್ಣನದ್ದು ತಮ್ಮ ಹಾಕಿಕೊಂಡು ಬಂದರೆ ತೋಳು ಉದ್ದ ಇದ್ದೇ ಇರುತ್ತದೆ.

ಒಂದೇ ದಿನ ನೂರಾರು ಮಕ್ಕಳು. ಬೆಳಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ನ್ಯಾಯ ಸಿಗುತ್ತದಾ?

ಸಿಗುವುದಿಲ್ಲ, ನಾವು ಎಚ್ಚರ ವಹಿಸದಿದ್ದರೆ. ಬೆಳಗ್ಗೆ ಹತ್ತು ಗಂಟೆಗೆ ಪರೀಕ್ಷಕರು ಹುರುಪಿನಲ್ಲಿರುತ್ತಾರೆ, ಉಪಪ್ರಶ್ನೆ ಕೇಳುತ್ತಾರೆ. ಊಟ ಆದ ಮೇಲೆ ಕಣ್ಣು ಎಳೆಯುತ್ತದೆ. ನಾಲ್ಕು ಗಂಟೆಗೆ ‘ಬೇಗ ಬೇಗ’ ಶುರು, ಕೆಲವರು ಎಲ್ಲರಿಗೂ ಟಿಕ್ ಹಾಕುತ್ತಾರೆ, ಕೆಲವರು ಸಿಡುಕಿ ಎಲ್ಲರಿಗೂ ತಪ್ಪು ಹಾಕುತ್ತಾರೆ. ಬಿಸಿಲಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಂತ ಮಗುವಿನ ತಲೆಯೂ ಓಡುವುದಿಲ್ಲ.

ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಂಥ ಶಿಬಿರ ತಾಣಗಳಲ್ಲಿ ಜಾಗಕ್ಕೆ ಬರ ಇರುವುದಿಲ್ಲ, ಸ್ಟೇಷನ್ ಮಾಡಿ ಹಂಚಬಹುದು. ಗಂಟು ಒಂದು ಮರದ ಕೆಳಗೆ, ಪ್ರಥಮ ಚಿಕಿತ್ಸೆ ಇನ್ನೊಂದರ ಕೆಳಗೆ, ಪೆಟ್ರೋಲ್‌ಗಳು ಸುತ್ತುತ್ತಾ ಬರಲಿ. ಒಬ್ಬ ಪರೀಕ್ಷಕರು ಒಂದೇ ವಿಷಯ ನೋಡಿದರೆ ಅಳತೆ ಎಲ್ಲರಿಗೂ ಒಂದೇ ಆಗಿರುತ್ತದೆ. ಏನು ಬಂದರೆ ಪಾಸು ಅನ್ನುವುದು ಎರಡು ಸಾಲಿನಲ್ಲಿ ಬರೆದು ಟೇಬಲ್ ಮೇಲಿರಲಿ. ಗಡಿಯಲ್ಲಿರುವ ಮಗುವನ್ನು ಇನ್ನೊಬ್ಬರು ನೋಡಲಿ, ಮೊದಲನೆಯವರ ತೀರ್ಮಾನ ಅವರಿಗೆ ಹೇಳದೆ. ಪೆಟ್ರೋಲ್ ಹೆಸರಿನ ಅಕ್ಷರ ಕ್ರಮದಲ್ಲೇ ಯಾವಾಗಲೂ ಕರೆಯಬೇಡಿ, ಹುಲಿ ಪೆಟ್ರೋಲ್‌ನವರು ಪ್ರತಿ ವರ್ಷ ಕೊನೆಗೇ ಬರಬೇಕಾ?

ಪರೀಕ್ಷಕರೇ ನಮ್ಮ ಶಾಲೆಯವರಾಗಿದ್ದರೆ?

ತಮ್ಮ ಶಾಲೆಯ ಮಕ್ಕಳ ಸರದಿ ಬಂದಾಗ ಎದ್ದು ಪಕ್ಕದ ಟೇಬಲ್‌ಗೆ ಹೋಗಲಿ. ಕೆಲವರು ಪಕ್ಷಪಾತ ಅನ್ನಿಸಬಾರದು ಅಂತ ತಮ್ಮ ಮಕ್ಕಳಿಗೇ ಜಾಸ್ತಿ ಬಿಗಿ ಮಾಡುತ್ತಾರೆ. ಅದೂ ಅನ್ಯಾಯವೇ.

ಜಾಂಬೊರೀಗೆ ಹೋಗಿ ಬಂದವರಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಇದೆಯಾ?

ಇಲ್ಲ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಸಾಂಸ್ಕೃತಿಕ ಜಾಂಬೊರೀಯಂಥ ದೊಡ್ಡ ಮೇಳದಿಂದ ಮಕ್ಕಳು ಕಲಿತು ಬರುವುದು ಬೇಕಾದಷ್ಟಿದೆ. ಕಲಿತಿದ್ದರೆ ಪರೀಕ್ಷೆಯಲ್ಲಿ ತಾನಾಗಿಯೇ ಕಾಣುತ್ತದೆ.

ನನ್ನ ಮಗನಿಗೆ ಈ ವರ್ಷವೇ ರಾಜ್ಯ ಪುರಸ್ಕಾರ ಬೇಕು, ಮುಂದೆ ಸೀಟಿಗೆ ಅನುಕೂಲ ಆಗುತ್ತೆ. ಸ್ವಲ್ಪ ನೋಡಿ ಸಾರ್...

ಈ ಪ್ರಶ್ನೆಯ ಕೊನೆಯ ಚುಕ್ಕಿಗಳ ಅರ್ಥ ನನಗೂ ಗೊತ್ತು, ಕೇಳಿದವರಿಗೂ ಗೊತ್ತು. ರಾಜ್ಯದಲ್ಲಿ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಸ್ಕೌಟ್ಸ್–ಗೈಡ್ಸ್ ಒಂದು ವಿಶೇಷ ವರ್ಗ, ರೈಲ್ವೆಯಲ್ಲೂ ಸ್ಕೌಟ್ಸ್ ಕೋಟಾದಲ್ಲಿ ನೇಮಕಾತಿ ನಡೆಯುತ್ತದೆ. ಹಾಗಾಗಿ ಅಪ್ಪ ಅಮ್ಮ ಆಸೆ ಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಇದೇ ಕಾರಣಕ್ಕೆ ಪರೀಕ್ಷೆ ಇನ್ನೂ ಬಿಗಿ ಇರಬೇಕು. ಇಲ್ಲಿ ಬಾರದ ಮಗುವಿಗೆ ಹಾಕಿದ ಒಂದು ಸಹಿ ಅಲ್ಲಿ ಇನ್ನೊಂದು ಮಗುವಿನ ಸೀಟು ತಿನ್ನುತ್ತದೆ. ಆ ಇನ್ನೊಂದು ಮಗು ಯಾರು ಅಂತ ನಮಗೆ ಕಾಣುವುದಿಲ್ಲ, ಅದಕ್ಕೇ ಸಹಿ ಹಾಕುವುದು ಸುಲಭ.

ಹಂತಗಳ ನಡುವೆ ಇಷ್ಟು ತಿಂಗಳು ಅಂತ ಅಂತರ ಇಟ್ಟಿದ್ದಾರೆ. ಹತ್ತನೇ ತರಗತಿಯಲ್ಲಿ ಎಚ್ಚೆತ್ತುಕೊಂಡರೆ ಆಗುವುದಿಲ್ಲ. ಹಿಂದಿನ ತಾರೀಕು ಹಾಕಿ ಸೋಪಾನ ಮುಗಿಸಿಕೊಡಿ ಅನ್ನುವವರಿಗೆ ನನ್ನ ಉತ್ತರ ಒಂದೇ ಪದ: ಇಲ್ಲ. ಐದನೇ ತರಗತಿಯಲ್ಲೇ ಸೇರಿಸಿ, ವಾರದ ಸಭೆ ತಪ್ಪಿಸಬೇಡಿ, ಆಗ ಅವಸರವೇ ಬರುವುದಿಲ್ಲ.

ಫೇಲ್ ಆದ ಮಗುವಿಗೆ ಹೇಗೆ ಹೇಳುವುದು?

ಅವತ್ತೇ ಹೇಳಿ, ನೀವೇ ಹೇಳಿ, ಪಕ್ಕಕ್ಕೆ ಕರೆದು ಹೇಳಿ. ತಿಂಗಳಾದ ಮೇಲೆ ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ನೋಡಿ ತಿಳಿದುಕೊಳ್ಳುವ ಹಾಗೆ ಮಾಡಬೇಡಿ. ‘ನಿನಗೆ ಬರಲ್ಲ’ ಅನ್ನುವ ಬದಲು ಏನು ಬಾಕಿ ಇದೆ ಅಂತ ಬಿಡಿಸಿ ಹೇಳಿ: ‘ಬ್ಯಾಂಡೇಜ್ ಎಲ್ಲ ಚೆನ್ನಾಗಿತ್ತು. ದಿಕ್ಸೂಚಿ ಹಿಡಿಯುವಾಗ ಪಕ್ಕದಲ್ಲಿ ಕಬ್ಬಿಣದ ಕಂಬ ಇತ್ತು, ಮುಳ್ಳು ತಪ್ಪು ತೋರಿಸ್ತು, ನೀನು ಗಮನಿಸಲಿಲ್ಲ. ಅದೊಂದನ್ನ ಮತ್ತೆ ಮಾಡು’. ಮರುಪರೀಕ್ಷೆ ಬಾಕಿ ಉಳಿದ ಅಂಶಕ್ಕೆ ಮಾತ್ರ ಇರಲಿ. ಪಾಸಾದ ಹತ್ತು ವಿಷಯವನ್ನು ಮತ್ತೆ ಮಾಡಿಸುವುದು ಶಿಕ್ಷೆ ಕೊಟ್ಟ ಹಾಗೆ.

ಶಿಕ್ಷೆಯ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಬಸ್ಕಿ ಹೊಡೆಸುವುದು, ಊಟ ತಡ ಮಾಡುವುದು, ಬಿಸಿಲಲ್ಲಿ ನಿಲ್ಲಿಸುವುದು, ಇವು ಪರೀಕ್ಷೆಯ ಭಾಗವಲ್ಲ, ‘ಸ್ಕೌಟ್ ಅಂದರೆ ಗಟ್ಟಿ ಆಗಬೇಕು’ ಅನ್ನುವ ನೆಪವೂ ನಡೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬ ಪರೀಕ್ಷಕರು ಒಂದು ಮಗು ಮಾತ್ರ ಇರುವಂಥ ಏರ್ಪಾಡೂ ಬೇಡ. ಬಯಲಲ್ಲಿ, ಇನ್ನೊಬ್ಬ ದೊಡ್ಡವರ ಕಣ್ಣಳತೆಯಲ್ಲಿ ಪರೀಕ್ಷೆ ನಡೆಯಲಿ.

ತೀರ್ಮಾನ ಸರಿ ಇಲ್ಲ ಅನ್ನಿಸಿದರೆ ಮಗು ಪ್ರಶ್ನೆ ಮಾಡಬಹುದಾ?

ಮಾಡಬೇಕು. ಮೊದಲು ಪರೀಕ್ಷಕರನ್ನೇ, ಆಮೇಲೆ ಶಿಬಿರದ ನಾಯಕರನ್ನು. ಸ್ಕೌಟ್ ಮಾಸ್ಟರ್ ಮಗುವಿನ ಜೊತೆ ಹೋಗಲಿ, ಮಗುವಿನ ಬದಲು ತಾವೇ ಮಾತಾಡುವುದು ಬೇಡ. ಶೀಟಿನಲ್ಲಿ ಪ್ರತಿ ತಪ್ಪಿನ ಮುಂದೆ ಒಂದು ಸಾಲು ಕಾರಣ ಬರೆದಿದ್ದರೆ ಇಂಥ ಮಾತುಕತೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕಾರಣ ಬರೆಯದ ಕಡೆ ಮಗುವಿಗೆ ಮತ್ತೊಂದು ಅವಕಾಶ ಕೊಟ್ಟುಬಿಡಿ.

ಮೊದಲ ಸಲ ಪರೀಕ್ಷಕನಾಗಿ ಹೋಗುತ್ತಿದ್ದೇನೆ. ಏನೇನು ಒಯ್ಯಬೇಕು?

ಒಂದೇ ಥರದ ಹತ್ತಿ ಹಗ್ಗ ನಾಲ್ಕು, ಒಂದು ದಪ್ಪನೆಯದು. ಅಳತೆ ಟೇಪು, ದಿಕ್ಸೂಚಿ, ತ್ರಿಕೋನ ಬ್ಯಾಂಡೇಜ್, ಹೊಸ ಸಿಲಬಸ್ಸಿನ ಪ್ರತಿ, ಮಾರ್ಕ್ ಶೀಟು, ಎರಡು ಪೆನ್ನು. ಮೊಬೈಲನ್ನು ದಿಕ್ಸೂಚಿಯಿಂದ ದೂರ ಇಡಿ. ಕುರ್ಚಿ ಬೇಡ ಅನ್ನಿ, ಚಾಪೆ ಸಾಕು. ಮಕ್ಕಳು ಕೂತು ಕಟ್ಟುವಾಗ ನೀವೂ ಕೂತಿದ್ದರೆ ಅವರ ಕೈ ಸರಿಯಾಗಿ ಕಾಣುತ್ತದೆ.